ಬೋನಾಳದ ಹೊಸ್ತಿಲಲ್ಲಿ ಉಡಿಯಕ್ಕಿ

ಸುವಾರ್ತಕ್ಕನನ್ನು ಒಂದೆಡೆ ಕೂರಿಸುವ ಕೆಲಸಕ್ಕೆ ಯಾದಗಿರಿಯಲ್ಲಿ ಬುದ್ಧಿಯಿದ್ದವರು ಯಾರೂ ಕೈಹಾಕುತ್ತಿರಲಿಲ್ಲ. ಕೋಲಾರದ ಕಡೆಯಿಂದ ಮಿಷನ್ ಸೇವೆಗೆಂದು ಬಂದ ಹುಡುಗಿ, ಇಲ್ಲಿಯ ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಳ್ಳುತ್ತಲೇ ತಲೆ ನರೆಸಿಕೊಂಡವಳು. ಮದುವೆಯ ಮಾತೆತ್ತಿದವರಿಗೆ ಪುರುಸೊತ್ತಿಲ್ಲ ಎಂದವಳು. ಇಷ್ಟು ಕಾಲ ಇಲ್ಲಿಯ ನೀರು ಕುಡಿದರೂ ಆಕೆಯ ನಾಲಿಗೆ ಮಾತ್ರ ಕೋಲಾರ ಬಿಟ್ಟು ಬಂದಿರಲಿಲ್ಲ.

ಈಗ ಹಾಸ್ಟೆಲ್ ಬೇರೆಯವರ ಕೈಗೆ ಹೋಗಿತ್ತು. "ಕಚೇರಿಯಲ್ಲೊಂದು ಕುರ್ಚಿ ಹಾಕಿಸ್ತೇವೆ, ಆರಾಮಾಗಿರಿ" ಎಂದರು ಚರ್ಚ್ ಸಭೆಯ ಹಿರಿಯರು. ಆರಾಮವಂತೆ! ಆಕೆಗೆ ಮೈ ಉರಿದುಹೋಯಿತು. ಸುರಪುರದಾಚೆಯ ಬೋನಾಳಕ್ಕೆ ಹೋಗುತ್ತೇನೆ, ಕೆರೆಯಂಚಿನ ಹೆಂಗಸರಿಗೆ ಹೊಲಿಗೆ, ಓದು ಕಲಿಸುತ್ತೇನೆ, ಬೇಕೆಂದವರ ಜೊತೆ ಕೂತು ಪ್ರಾರ್ಥನೆ ಮಾಡುತ್ತೇನೆ ಎಂದು ಹಟ ಹಿಡಿದಳು. ಹಿರಿಯರು ಒಪ್ಪಿದರು, ಆದರೆ ಒಂದು ಷರತ್ತು: ಈ ತಿಂಗಳೊಳಗೆ ಆ ಊರಲ್ಲಿ ಮನೆ ಸಿಗದಿದ್ದರೆ ಕುರ್ಚಿಯೇ ಗತಿ.

ಒಂಟಿ ಹೆಂಗಸಿಗೆ ಮನೆ ಕೊಡುವವರು ಯಾರು? ತಿಂಗಳು ಮುಗಿಯುತ್ತ ಬಂದಾಗ ಆ ಊರ ಕೆರೆಯಲ್ಲಿ ಮೀನು ಹಿಡಿಯುವ ಬಸವಂತ್ರಾಯ ಎಂಬಾತ ಫೋನಿನಲ್ಲಿ, "ಬರ್ರಿ ಅಕ್ಕೋರ, ನಮ್ಮ ಹಿಂದಿನ ಖೋಲಿ ಖಾಲಿ ಅದ" ಎಂದುಬಿಟ್ಟ. ಪುಣ್ಯಾತ್ಮ ಹೆಂಡತಿಯನ್ನು ಕೇಳಿರಲಿಲ್ಲ.

ಹೊರಡುವ ಬೆಳಿಗ್ಗೆ ಪಕ್ಕದ ಮನೆಯ ಪಾರ್ವತಿಬಾಯಿ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ಕಣ ಇಟ್ಟುಕೊಂಡು ಬಂದು ನಿಂತಳು. ಬೆನ್ನ ಹಿಂದೆ ಇಡೀ ಓಣಿಯ ಹೆಂಗಸರು.

"ಸೆರಗ ಒಡ್ಡ್ರಿ. ಉಡಿ ತುಂಬಬೇಕು."

"ಉಡಿ ಮದುವೆಯಾದವರಿಗಲ್ವೇನ್ರೀ? ನನಗೆಲ್ಲಿಯದು?"

"ಮದುವಿ ಯಾರ್ ಕೇಳ್ಯಾರ? ಮಗಳು ಮನಿ ಬಿಟ್ಟು ಹೊಂಟಾಳಂದ್ರ ಖಾಲಿ ಸೆರಗಿಲೆ ಕಳಸ್ತೀವೇನು?" ಪಾರ್ವತಿಬಾಯಿ ಕುಂಕುಮದ ಬಟ್ಟಲನ್ನು ತಾನೇ ಪಕ್ಕಕ್ಕೆ ಸರಿಸಿದಳು. "ಇದು ನಿಮಗ ಬ್ಯಾಡ, ಗೊತ್ತದ. ಅಕ್ಕಿಗೇನಾಗೇದ?"

ಒಬ್ಬೊಬ್ಬರೂ ಬೊಗಸೆ ಸುರಿದರು. ಪಾರ್ವತಿಬಾಯಿ ಸೆರಗನ್ನು ಸೊಂಟಕ್ಕೆ ಬಿಗಿದು, "ಹೊಸ ಮನಿ ಹೊಸ್ತಿಲಾ ದಾಟೂತನಾ ಬಿಚ್ಚಬ್ಯಾಡ್ರಿ, ಮಾತು ಕೊಡ್ರಿ" ಎಂದಳು. ಸುವಾರ್ತಕ್ಕ ಮಾತು ಕೊಟ್ಟಳು.

ಶಹಾಪುರದ ಮೇಲೆ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗದ್ದಲದಲ್ಲಿ ಉಬ್ಬಿದ ಸೆರಗಷ್ಟೇ ಕಂಡ ಕಂಡಕ್ಟರ್, "ಏಳ್ರಿ ಏಳ್ರಿ, ಬಸರಿ ಹೆಣ್ಮಗಳು ನಿಂತಾಳ!" ಎಂದು ಕೂಗಿದ. ಆಮೇಲೆ ನರೆಗೂದಲು ಕಂಡು ನಾಲಿಗೆ ಕಚ್ಚಿಕೊಂಡ. ಬಸ್ಸೆಲ್ಲ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸುವಾರ್ತಕ್ಕನೇ, ನಗುತ್ತಲೇ ಸೀಟು ಹಿಡಿದು ಕೂತಳು.

ಸುರಪುರದಲ್ಲಿ ಬಸ್ಸು ಬದಲಿಸಿ ಬೋನಾಳ ಮುಟ್ಟಿದಾಗ ಆ ನಗು ಉಳಿಯಲಿಲ್ಲ. ಬಸವಂತ್ರಾಯನ ಹೆಂಡತಿ ಶೇಖಮ್ಮ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಬಸವಂತ್ರಾಯ ಬಲೆ ಹೆಗಲಿಗೇರಿಸಿ ಕೆರೆಯ ಕಡೆ ಪರಾರಿ.

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕೋರ. ನಿಮಗ ಹಿಂದ ಮುಂದ ಯಾರೂ ಇಲ್ಲಂತ. ನಾಳಿ ಜಡ್ಡು ಬಂದ್ರ ನಾ ಯಾರಿಗಿ ಫೋನ್ ಹಚ್ಚಲಿ?"

ಸುವಾರ್ತಕ್ಕನಿಗೆ ಕೋಲಾರದಲ್ಲಿ ಈಗ ಯಾರೂ ಉಳಿದಿರಲಿಲ್ಲ. ಕಣ್ಣ ಮುಂದೆ ಆ ದರಿದ್ರ ಕುರ್ಚಿ ಬಂದು ನಿಂತಿತು. ಟ್ರಂಕು ಎತ್ತಲು ಬಗ್ಗಿದಳು, ಸೆರಗಿನ ಭಾರಕ್ಕೆ ಬಗ್ಗಲೂ ಆಗಲಿಲ್ಲ.

"ಸೆರಗಿನ್ಯಾಗ ಏನ್ರಿ ಅದು?"

"ಉಡಿ ಕಣಮ್ಮ. ಹೊಸ ಮನೆ ಹೊಸ್ತಿಲು ದಾಟೋವರೆಗೂ ಬಿಚ್ಚಲ್ಲ ಅಂತ ಮಾತು ಕೊಟ್ಟಿದ್ದೀನಿ. ಈಗೇನು ಮಾಡ್ಲಿ, ನನಗೂ ತಿಳೀತಿಲ್ಲ."

"ಯಾರ್ ತುಂಬ್ಯಾರ?"

"ಯಾದಗಿರೀಲಿ ನಮ್ಮ ಓಣಿಯವರು. ಎಲ್ಲರೂ."

ಶೇಖಮ್ಮ ಹಣೆ ಬಡಿದುಕೊಂಡಳು. "ಅಯ್ಯ ನಮ್ಮವ್ವಾ! ಓಣಿಗಿ ಓಣೀನೇ ಉಡಿ ತುಂಬೇದ, ಯಾರೂ ಇಲ್ಲಂತ ನಮ್ಮ ಮನ್ಯಾವ ಹ್ಯಾಂಗ ಹೇಳಿದ? ತುಂಬಿದ ಉಡೀನ ಹೊಸ್ತಿಲದಾಗಿಂದ ಹೊಳ್ಳಿ ಕಳಸ್ಲೇನು ನಾ? ಬರ್ರಿ ಒಳಗ, ಬಲಗಾಲಿಡ್ರಿ!"

ಒಳಗೆ ಸೆರಗು ಬಿಚ್ಚಿತು. ಅಕ್ಕಿ ಶೇಖಮ್ಮನ ಮೊರಕ್ಕೆ ಬಿತ್ತು, ಉಡಿಯಕ್ಕಿಗೆ ಸಿಹಿಯೇ ಆಗಬೇಕೆಂದು ಬೆಲ್ಲ ಹಾಕಿ ಒಲೆಯ ಮೇಲೂ ಏರಿತು. ಅಷ್ಟರಲ್ಲಿ ಪಾರ್ವತಿಬಾಯಿಯ ಫೋನು. ಶೇಖಮ್ಮ ಅದನ್ನು ಸುವಾರ್ತಕ್ಕನ ಕೈಯಿಂದ ಕಿತ್ತುಕೊಂಡಳು.

"ನಿಮ್ಮ ಮಗಳು ಮುಟ್ಯಾಳ್ರಿ. ಚಿಂತಿ ಬಿಡ್ರಿ. ಆದ್ರ ನಾಗರಪಂಚಮಿ ಜೋಕಾಲಿಗಿ ಕರೀಲಾಕ ಬರಬೇಕ್ ನೋಡ್ರಿ, ತವರವರು ನೀವು."

"ಕರೀಲಾರ್ದ ಬಿಡ್ತೀವೇನು?" ಎಂದು ಆಚೆಯಿಂದ ಪಾರ್ವತಿಬಾಯಿ ಗದರಿದ್ದು ಅಡುಗೆಮನೆಗೆಲ್ಲ ಕೇಳಿಸಿತು.

ಫೋನು ತಿರುಗಿ ಕೈಗೆ ಬಂದಾಗ ಸುವಾರ್ತಕ್ಕನಿಗೆ ಅಳುವೂ ನಗುವೂ ಒಟ್ಟಿಗೇ ಉಕ್ಕಿದವು. ಬಾಯಿ ತೆರೆದಳು. ಕೋಲಾರದ ನಾಲಿಗೆ ಎಲ್ಲಿ ಹೋಯಿತೋ!

"ಜೋಕಾಲಿ ಗಟ್ಟಿ ಕಟ್ಟಿ ಇಡ್ರವ್ವಾ" ಎಂದಳು. "ನಾ ಬರ್ತೀನಿ."