ಗರಸುಗುಂಡಿಯಲ್ಲಿ ಅಜ್ಜಿ ಈಜಿದ್ದು

ಇವತ್ತು ಮನೆ ಮುಂದೆ ಲಾರಿಯಿಂದ ಗರಸು ಸುರಿದರು. ಆ ಒದ್ದೆ ವಾಸನೆಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ನಾನು ಚಿಕ್ಕವಳಿದ್ದಾಗ, ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದ ಕಾಲ. ಮದ್ದೂರಿನಿಂದ ಮಳವಳ್ಳಿ ಕಡೆಯ ರಸ್ತೆಗೆಂದು ಗರಸು ತೆಗೆದ ದೊಡ್ಡ ಗುಂಡಿಯಲ್ಲಿ ನೀರು ನಿಂತು ಕೆರೆಯಾಗಿತ್ತು. ಭಾನುವಾರ ಎಲ್ಲರೂ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದೆವು. ಗಂಡಸರು ಈಜುತ್ತಿದ್ದರು, ಹೆಂಗಸರು ದಡದಲ್ಲಿ ಕೂರುತ್ತಿದ್ದರು. ನಮ್ಮಜ್ಜಿ ಮಾತ್ರ ಸೆರಗು ಬಿಗಿದು ದಡದುದ್ದಕ್ಕೂ ಓಡಾಡುತ್ತಿದ್ದಳು.

"ಸುಮ್ಕೆ ಕುಂತ್ಕವ್ವ," ಎಂದು ಅಪ್ಪ ಗದರುತ್ತಿದ್ದ.

ಒಂದು ಭಾನುವಾರ ನನ್ನ ಗೆಳತಿ, ಸೈಕಲ್ ರಿಪೇರಿ ಸಾಹೇಬರ ಮಗಳು ಜುಬೇದಾ, ಕಾಲು ತೊಳೆಯಲು ಇಳಿದಳು. ಕಾಲಡಿಯ ಗರಸು ಕುಸಿದು ಅವಳು ಮುಳುಗಿದಳು. ನಾನು ಕಿರುಚಿದೆ. ಗಂಡಸರೆಲ್ಲ ಆಚೆ ದಡದಲ್ಲಿದ್ದರು. ಅವರು ತಿರುಗುವಷ್ಟರಲ್ಲಿ ಅಜ್ಜಿ ಸೀರೆಯಲ್ಲೇ ಹಾರಿ, ಜಡೆ ಹಿಡಿದು ಅವಳನ್ನು ದಡಕ್ಕೆ ಎಳೆದಿದ್ದಳು.

"ನಿಂಗೆ ಈಜು ಬತ್ತದಾ ಅವ್ವ?" ಈಚೆ ದಡಕ್ಕೆ ಈಜಿ ಬಂದ ಅಪ್ಪ ಬೆರಗಾಗಿ ಕೇಳಿದ.

"ಬೆಳಕವಾಡಿ ಹೊಳೇಲಿ ಬೆಳ್ದೋಳು ಕಣ್ಲಾ. ಮದ್ವೆ ಆದ್ಮೇಲೆ ಯಾರೂ ಬುಡ್ನಿಲ್ಲ."

ಜುಬೇದಾ ಕೆಮ್ಮಿ ಅಳತೊಡಗಿದಳು. ಅಜ್ಜಿ ಮಾತ್ರ ನೀರಿನಿಂದ ಮೇಲೆ ಬರಲಿಲ್ಲ. ತಿರುಗಿ ಆಚೆ ದಡದವರೆಗೂ ಒಬ್ಬಳೇ ಈಜಿದಳು. ಅಪ್ಪ ಬಾ ಎಂದು ಕರೆಯಲಿಲ್ಲ.

ಈಗ ಆ ಗುಂಡಿಯ ಮೇಲೆ ಮನೆಗಳೆದ್ದಿವೆ. ನನಗೆ ಇಂದಿಗೂ ಈಜು ಬರುವುದಿಲ್ಲ. ಕೇಳಿದ್ದರೆ ಅಜ್ಜಿ ಕಲಿಸುತ್ತಿದ್ದಳು. ನಾನು ಕೇಳಲೇ ಇಲ್ಲ.