ಆರು ಜನರ ಮೇಜು

ತೊಂಬತ್ತರ ದಶಕದಲ್ಲಿ ನಾನು ಕಮಲಾಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗೃಹವಿಜ್ಞಾನ ಕಲಿಸುತ್ತಿದ್ದೆ. ಬೆಳಿಗ್ಗೆ ಶಹಾಬಜಾರದ ಮನೆ ಬಿಟ್ಟು ಬಸ್ಸು ಹಿಡಿಯುವುದು, ಸಂಜೆ ಬಾಳೆಗೊನೆಗಳ ನಡುವೆ ಒಂಟಿಗಾಲಲ್ಲಿ ನಿಂತು ಕಲಬುರಗಿಗೆ ಮರಳುವುದು. ಪಠ್ಯದಲ್ಲಿ ಅತಿಥಿಗಳಿಗೆ ಊಟದ ಮೇಜು ಸಜ್ಜುಗೊಳಿಸುವ ಪಾಠವೊಂದಿತ್ತು. ಅದನ್ನು ಬರೆದ ಪುಣ್ಯಾತ್ಮರು ನಮ್ಮ ಶಾಲೆಯನ್ನು ಕನಸಿನಲ್ಲೂ ಕಂಡವರಲ್ಲ. ಊಟದ ಮೇಜು ನನ್ನ ಮನೆಯಲ್ಲೂ ಇರಲಿಲ್ಲ, ಆ ಮಾತು ಬೇರೆ. ನಾವು ನೆಲದ ಮೇಲೆ ಎಲೆ ಹಾಕಿಕೊಂಡು ಉಣ್ಣುವ ವೈಷ್ಣವರು. ಎಡಗೈ ಅನ್ನಕ್ಕೆ ತಾಗಿದರೆ ನನ್ನ ಅತ್ತೆ ದಿನವಿಡೀ ಮುಖ ಗಂಟಿಕ್ಕಿಕೊಂಡಿರುತ್ತಿದ್ದರು. ಅಂಥ ಮನೆಯ ಸೊಸೆ ನಾನು, ಮುಳ್ಳುಚಮಚವನ್ನು ಎಡಗೈಯಲ್ಲಿ ಹಿಡಿಯಬೇಕೆಂದು ಗಂಭೀರವಾಗಿ ಬೋಧಿಸುತ್ತಿದ್ದೆ.

ಎರಡು ಬೆಂಚು ಕೂಡಿಸಿ, ಮೇಲೆ ನಮ್ಮ ಮನೆಯ ಚಾದರ ಹಾಸಿದರೆ ಅದೇ ಮೇಜು. ಹುಡುಗಿಯರಿಗೆ ಇದೊಂದು ಆಟ, ಬಾಯಿಗೆ ಕೈ ಒತ್ತಿ ನಗುತ್ತಿದ್ದರು. ಒಬ್ಬಳು ಮಾತ್ರ ನಗುತ್ತಿರಲಿಲ್ಲ. ಕೆಂಪು ಬಾಳೆಯ ವ್ಯಾಪಾರ ಮಾಡುವ ಮುಸ್ಲಿಂ ಮನೆಯ ಹಿರಿಮಗಳು. ಚೂರಿ ಒಂದು ಎಳೆ ಓರೆಯಾದರೂ ಅವಳ ಕಣ್ಣು ಹಿಡಿಯುತ್ತಿತ್ತು. ನಾನು ಪುಸ್ತಕ ನೋಡಿ ಹೇಳಿದ್ದನ್ನು ಅವಳ ಕೈ ಹುಟ್ಟಿನಿಂದ ಬಂದದ್ದೇನೋ ಎಂಬಂತೆ ಮಾಡುತ್ತಿತ್ತು. ನನಗೆ ಅವಳೆಂದರೆ ಜೀವ.

ಆ ವರ್ಷ ನಗರದ ಒಂದು ತರಬೇತಿ ಕೇಂದ್ರದವರು ಹೋಟೆಲ್ ಕೆಲಸ ಕಲಿಸಲು ಹೆಣ್ಣುಮಕ್ಕಳನ್ನು ಆರಿಸಿಕೊಳ್ಳುತ್ತಾರೆಂದು ತಿಳಿಯಿತು. ಇರಲು ಜಾಗ, ಊಟ, ಕಲಿತ ಮೇಲೆ ನೌಕರಿ. ನಾನೇ ಅವಳ ಮನೆಗೆ ಹೋದೆ. ತಂದೆ ಚಹಾ ಕೊಡಿಸಿ, ನನ್ನ ಮಾತು ಮುಗಿಯುವವರೆಗೂ ಸುಮ್ಮನೆ ಕೇಳಿದರು.

"ಬ್ಯಾಸಿಗಿಗೆ ನಿಕಾ ಠರಾಯಿಸೀವ್ರಿ ಟೀಚರ್. ಅವರು ಆರಿಸಿಕೊಂಡ್ರ ನಿಲ್ಲಸ್ತೀನಿ. ಇಲ್ಲಂದ್ರ ಮತ್ತ ಈ ಮಾತು ಎತ್ತಬ್ಯಾಡ್ರಿ."

ಪರದೆಯ ಹಿಂದೆ ನಿಂತು ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮರುದಿನದಿಂದ ಶಾಲೆಯ ಬಾಗಿಲು ತೆಗೆಯುವ ಮೊದಲೇ ಬಂದು ಕಾಯತೊಡಗಿದಳು.

ಆಯ್ಕೆಯ ದಿನ ನಾನೇ ಅವಳನ್ನು ಕಲಬುರಗಿಯ ಆ ಕೇಂದ್ರಕ್ಕೆ ಕರೆದುಕೊಂಡು ಬಂದೆ. ನಿಜವಾದ ಮೇಜು, ಇಸ್ತ್ರಿ ಮಾಡಿದ ಬಟ್ಟೆ, ಕಪಾಟಿನ ತುಂಬ ಪಿಂಗಾಣಿ ತಾಟು. ಆರು ಜನರಿಗೆ ಸಜ್ಜು ಮಾಡು ಎಂದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ತಾಟು, ಅದರ ಎಡಕ್ಕೆ ಮುಳ್ಳುಚಮಚ, ಬಲಕ್ಕೆ ಚೂರಿ, ಗ್ಲಾಸು, ಮಡಿಸಿದ ನ್ಯಾಪ್ಕಿನ್. ಒಂದಕ್ಕೂ ಹೆಸರಿಡುವಂತಿರಲಿಲ್ಲ. ಆರೂ ಜಾಗ ಮುಗಿದವು. ಅವಳು ಕಪಾಟಿಗೆ ಹೋಗಿ ಏಳನೆಯ ತಾಟು ತಂದಿಟ್ಟಳು.

ಎಷ್ಟು ಜನರಿಗೆ ಹೇಳಿದ್ದೆವು ಎಂದು ಪರೀಕ್ಷಕರು ಕೇಳಿದರು.

"ಆರು ಮಂದಿಗ್ರಿ. ಒಂದು ಹೆಚ್ಚಿಗಿ ಇಟ್ಟೀನ್ರಿ, ಯಾರರ ಮೆಹಮಾನ್ ಬಂದ್ರ ಬೇಕಾಗ್ತದ. ಮಂದಿ ಎಣಿಸಿ ಇಟ್ರ ಬರಕತ್ ಹೋಗ್ತದ್ರಿ."

ಅವಳ ಮನೆಯಲ್ಲಿ ನೆಲದ ಮೇಲೆ ದಸ್ತರಖಾನಿನ ಬಟ್ಟೆ ಹಾಸಿ ಊಟಕ್ಕೆ ಕೂರುವಾಗ ತಲೆ ಎಣಿಸಿ ತಾಟು ಇಡುವುದಿಲ್ಲ. ಎಣಿಸಿದರೆ ಅನ್ನದ ಸಮೃದ್ಧಿ ಹೋಗುತ್ತದೆಂಬ ನಂಬಿಕೆ. ಅವಳ ಬಾಯಿಂದ ಕೇಳುವವರೆಗೆ ನನಗೆ ಇದು ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ? ನಮ್ಮ ಶಾಲೆಯಲ್ಲಿದ್ದದ್ದೇ ನಾಲ್ಕು ತಾಟು. ಹೆಚ್ಚಿಗೆ ಇಡಲು ಅಲ್ಲಿ ಏನೂ ಇರಲಿಲ್ಲ.

ನಾನು ಒಳಗೆ ನುಗ್ಗಿ ಎಲ್ಲವನ್ನೂ ವಿವರಿಸಿದೆ. ಹಿರಿಯ ಪರೀಕ್ಷಕರು ಸಮಾಧಾನದಿಂದ ಕೇಳಿದರು. ಹುಡುಗಿಯ ಕೈ ಚೆನ್ನಾಗಿದೆ, ಆದರೆ ಹೇಳಿದಷ್ಟೇ ಮಾಡುವುದು ಹೋಟೆಲಿನ ಮೊದಲ ಪಾಠ ಎಂದರು. ಸಿಡುಕಿದ್ದರೆ ಜಗಳವಾಡಬಹುದಿತ್ತು. ಅವರು ಅಷ್ಟು ಮೆತ್ತಗೆ ಮಾತಾಡಿದ್ದೇ ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ಆಯ್ಕೆಯಾದವರಲ್ಲಿ ಅವಳು ಇರಲಿಲ್ಲ.

ಅವಳನ್ನು ಮನೆಗೆ ಬಿಡಲು ಮತ್ತೆ ಕಮಲಾಪುರದ ಬಸ್ಸು ಹತ್ತಿದೆ. ದಾರಿಯಲ್ಲಿ ಕಾರಣವಿಲ್ಲದೆ ಕಂಡಕ್ಟರನ ಮೇಲೆ ಹರಿಹಾಯ್ದೆ. ಬೇಸಿಗೆಯಲ್ಲಿ ನಿಕಾ ಆಯಿತು. ಹೋಗಿ, ಹರಸಿ ಬಂದೆ. ಹರಸುವಾಗ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಒಂದೆರಡು ವರ್ಷಕ್ಕೆ ಅವಳ ತಂಗಿ ನನ್ನ ತರಗತಿಗೆ ಬಂದಳು. ಅದೇ ಕೈ, ಅದೇ ಚುರುಕು. ಮೊದಲ ದಿನ ಯಾರ ಸಹಾಯವೂ ಇಲ್ಲದೆ ಮೇಜು ಜೋಡಿಸಿದಳು. ನನಗೆ ಹಳೆಯ ಹುರುಪು ಮರಳಿತು, ಸಂಜೆ ಹೆಚ್ಚು ಹೊತ್ತು ಉಳಿದು ಕಲಿಸುವುದಾಗಿ ಹೇಳಿದೆ. ಮರುದಿನ ಆ ಹುಡುಗಿ ಬಂದು ಎಲ್ಲವನ್ನೂ ಅದಲುಬದಲು ಇಟ್ಟಳು. ಬೇಕಂತಲೇ ಇಟ್ಟದ್ದು ಎಂಥವರಿಗೂ ತಿಳಿಯುವಂತಿತ್ತು. ಇದೇನು ಹುಡುಗಾಟ ಎಂದು ಗದರಿದೆ.

ಅವಳು ತಲೆ ಎತ್ತಲಿಲ್ಲ. "ಅಕ್ಕ ಹೇಳ್ಯಾಳ್ರಿ ಟೀಚರ್, ಇದನ್ನ ಛಂದಾಗಿ ಕಲೀಬ್ಯಾಡ, ಆಸಿ ಹುಟ್ಟತದ ಅಂತ."

ನಾನು ತಿದ್ದಲಿಲ್ಲ. ಪಾಸಾಗುವಷ್ಟು ಅಂಕ ಹಾಕಿ ಮುಂದಿನ ಹುಡುಗಿಯನ್ನು ಕರೆದೆ.