ಮೇಲೆ ನೋಡಿದರೆ ಹೌದು

ಪರದೆ ಹೊಲಿಯುವ ಅಕ್ಕನ ಅಂಗಡಿಗೆ ಬಂದವರು ಬಟ್ಟೆಯ ಮುಂದೆ ನಿಂತು ಅದೋ ಇದೋ ಎಂದು ಹೊಯ್ದಾಡುವುದು ಅವಳಿಗೆ ಆಗಿಬರುತ್ತಿರಲಿಲ್ಲ. "ನಿಮ್ಮ ಕಿಟಕಿ ಪಶ್ಚಿಮಕ್ಕಲ್ವಾ? ದಪ್ಪ ಬಟ್ಟೆನೇ ತಗೊಳ್ಳಿ," ಎಂದು ಕಡ್ಡಿ ಮುರಿದ ಹಾಗೆ ಹೇಳಿ ಕತ್ತರಿ ಎತ್ತಿಕೊಂಡುಬಿಡುತ್ತಿದ್ದಳು. ಮನೆಯಲ್ಲೂ ಅವಳದೇ ಮಾತು.

ತಮ್ಮ ಇದಕ್ಕೆ ತದ್ವಿರುದ್ಧ. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದ ಅವನನ್ನು ಎಲ್ಲರೂ ಮೀನು ಮೇಷ್ಟ್ರು ಎನ್ನುತ್ತಿದ್ದರು. ನೀರಿನಲ್ಲಿ ಅವನಷ್ಟು ಚುರುಕಿನವನಿಲ್ಲ. ದಡಕ್ಕೆ ಬಂದರೆ ಕಾಫಿಯೋ ಟೀಯೋ ಎಂದು ಅವನು ಯೋಚಿಸಿ ಮುಗಿಸುವಷ್ಟರಲ್ಲಿ ಜತೆಯವರು ಕುಡಿದು ಬಾಯಿ ಒರೆಸಿಕೊಂಡಿರುತ್ತಿದ್ದರು.

ಅವನಿಗೆ ನರಗಳ ಕಾಯಿಲೆ ಬಂತು. ಮೊದಲು ಸೀಟಿ ಹಿಡಿಯಲು ಬೆರಳು ಬಗ್ಗಲಿಲ್ಲ, ಆಮೇಲೆ ಕಾಲು ಸೋತವು. ಡಾಕ್ಟರಮ್ಮ ಮುಚ್ಚುಮರೆ ಮಾಡದೆ ಹೇಳಿದರು: ಇದಕ್ಕೆ ಮದ್ದಿಲ್ಲ, ಮಾತು ಹೋಗುತ್ತದೆ, ಕಡೆಗೆ ಉಸಿರೂ ಸೋಲುತ್ತದೆ. ಆಗ ಗಂಟಲಿಗೆ ಕೊಳವೆ ಹಾಕಿ ಯಂತ್ರದಿಂದ ಉಸಿರಾಡಿಸಬಹುದು, ಬೇಡವೆಂದರೆ ಬೇಡ.

ನಾಲಿಗೆ ಇನ್ನೂ ಹೊರಳುತ್ತಿದ್ದಾಗಲೇ ಅವನು ಅಕ್ಕನನ್ನು ಕರೆಸಿದ.

"ಕೊಳವೆ ಬೇಡ ಅಕ್ಕಾ. ನನ್ನ ಹೆಂಡ್ತೀನ ಕೇಳಿದ್ರೆ ಅಳ್ತಾ ಹ್ಞೂಂ ಅಂದ್ಬಿಡ್ತಾಳೆ. ನೀನು ಗಟ್ಟಿಗಿತ್ತಿ. ಬೇಡ ಅಂತ ನೀನೇ ಹೇಳ್ಬೇಕು."

"ಅಂತೂ ಹುಟ್ಟಿದ ಮೇಲೆ ಮೊದಲ್ನೇ ಸಲ ಒಂದು ತೀರ್ಮಾನ ತಗೊಂಡೆಯಲ್ಲೋ!" ಎಂದಳು ಅಕ್ಕ. ಇಬ್ಬರೂ ನಕ್ಕರು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಅವಳಿಗೆ ಯಾವ ಕಾಲಿಗೆ ಯಾವುದು ಎಂದೇ ತೋಚಲಿಲ್ಲ.

ಮಾತು ನಿಂತ ಮೇಲೆ ಕಣ್ಣೇ ಅವನ ಮಾತಾಯಿತು. ಮೇಲೆ ನೋಡಿದರೆ ಹೌದು, ಮುಚ್ಚಿದರೆ ಇಲ್ಲ. ಅಕ್ಷರಗಳ ಹಲಗೆಯ ಮೇಲೆ ಯಾರಾದರೂ ಬೆರಳು ಓಡಿಸಿದರೆ ಬೇಕಾದ ಕಡೆ ಮೇಲೆ ನೋಡಿ ನಿಲ್ಲಿಸುತ್ತಿದ್ದ.

ಉಸಿರು ಕಟ್ಟಿದ ದಿನ ಆಸ್ಪತ್ರೆಯಲ್ಲಿ ಅಕ್ಕ ಕೊಟ್ಟ ಮಾತಿನಂತೆ, "ಕೊಳವೆ ಬೇಡ, ಅವನೇ ಹೇಳಿದ್ದಾನೆ," ಎಂದಳು.

"ಎಚ್ಚರ ಇದೆಯಲ್ಲ, ಅವರನ್ನೇ ಕೇಳೋಣ," ಎಂದು ಡಾಕ್ಟರಮ್ಮ ಅವನತ್ತ ಬಾಗಿದರು. "ಕೊಳವೆ ಹಾಕಬೇಕಾ?"

ಅವನು ಮೇಲೆ ನೋಡಿದ.

ಅಕ್ಕ ಮುಂದೆ ಬಂದು ಬಾಗಿದಳು. "ಲೋ, ಸರಿಯಾಗಿ ಕೇಳಿಸ್ಕೋ. ಕೊಳವೆ! ಬೇಕಾ?"

ಮತ್ತೆ ಮೇಲೆ ನೋಡಿದ. ಅವನ ಹೆಂಡತಿ ಗೋಡೆಗೊರಗಿ ಗೊಳೋ ಎಂದು ಅತ್ತಳು, ಸಂತೋಷಕ್ಕೆ. ಅಕ್ಕನಿಗೆ ಮೊದಲು ಹೋದ ಜೀವ ಬಂದಂತಾಯಿತು. ಬೆನ್ನಿಗೇ ಸಿಟ್ಟು ಬಂತು, ನನ್ನ ಕೈಲಿ ಆ ಮಾತು ಯಾಕೆ ಆಡಿಸಿದೆ ಎಂದು. ಆಮೇಲೆ ಆ ಸಿಟ್ಟಿಗೇ ನಾಚಿಕೆಯಾಯಿತು.

ಯಂತ್ರದ ಜತೆ ಅವನು ಮನೆಗೆ ಬಂದ. ಸ್ವಲ್ಪ ಕಾಲ ಚೆನ್ನಾಗಿಯೇ ಇದ್ದ, ಕ್ರಿಕೆಟ್ ನೋಡಿದ, ಹಲಗೆಯ ಮೇಲೆ ಅಂಪೈರನನ್ನು ಬೈದ. ಒಂದು ಮಧ್ಯಾಹ್ನ ಅಕ್ಕನ ಬೆರಳನ್ನು ಅಕ್ಷರದಿಂದ ಅಕ್ಷರಕ್ಕೆ ನಡೆಸಿದ: ತೆಗೆಸು. ಅವಳು ಡಾಕ್ಟರಮ್ಮನನ್ನು ಕರೆದುಕೊಂಡು ಬಂದರೆ ಕಣ್ಣು ಮುಚ್ಚಿದ. ಬೇಡವಂತೆ. ಮತ್ತೆ ಕೆಲವು ದಿನ ಕಳೆದು, ತೆಗೆಸು. ಮತ್ತೆ ಬೇಡ.

"ಯಾವ ದಿನದವನ ಮಾತು ಕೇಳೋದು ಡಾಕ್ಟ್ರೇ?" ಎಂದು ಅಕ್ಕ ಬಾಗಿಲಲ್ಲಿ ಅಡ್ಡ ನಿಂತು ಕೇಳಿದಳು.

"ಇವತ್ತಿನವರದು."

"ನಾಳೆ ಬೇರೆ ಹೇಳಿದ್ರೆ?"

"ನಾಳೆ ಮತ್ತೆ ಕೇಳ್ತೀವಿ. ಮನಸ್ಸು ಬದಲಾಯಿಸೋದೂ ಅವರ ಹಕ್ಕೇ ಅಲ್ವಾ?"

ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ಪಾತ್ರೆ ಕುಕ್ಕಿದಳು. "ನೀವು ಮುಖ ನೋಡ್ಕೊಂಡು ಕಾಯ್ತೀರಲ್ಲ ಅಕ್ಕಾ, ಅದಕ್ಕೇ ಅವ್ರಿಗೆ ತಾನು ಹೊರೆ ಅನ್ಸೋದು."

"ನೀನು ಎದುರಿಗೆ ಮೂಗು ಸುರಿಸ್ತಾ ಕೂತ್ರೆ ಅವನು ಹೇಗೆ ಹೋಗ್ತಾನೆ ಹೇಳು?"

ಅಂದ ಮೇಲೆ ಅಕ್ಕನಿಗೆ ಇಬ್ಬರ ಮಾತೂ ನಿಜ ಅನ್ನಿಸಿತು. ಹೋಗಿ ತಮ್ಮನನ್ನೇ ಕೇಳಿದಳು: "ನಿನಗೇ ಬದುಕ್ಬೇಕು ಅನ್ಸತ್ತಾ, ಇಲ್ಲ ಅವಳಿಗೋಸ್ಕರ ಇದ್ದೀಯಾ?"

ಅವನು ನಿಧಾನವಾಗಿ ಬರೆಸಿದ: ಎರಡೂ. ಆಮೇಲೆ: ತಲೆ ತಿನ್ನಬೇಡ.

ಬರಬರುತ್ತ ರೆಪ್ಪೆಗಳೂ ಸೋಲತೊಡಗಿದವು. ಅವು ಪೂರ್ತಿ ನಿಂತರೆ ಕೇಳುವುದಕ್ಕೂ ದಾರಿಯಿಲ್ಲ, ಹೇಳುವುದಕ್ಕೂ ಇಲ್ಲ. ಅದು ಅವನಿಗೂ ಗೊತ್ತಿತ್ತು. ಕಣ್ಣು ಹೋಗುವ ಮುಂಚೆ ತೆಗೆಸು, ಎಂದು ಬರೆಸಿದ. ಡಾಕ್ಟರಮ್ಮ ದಿನಗಳ ಅಂತರ ಬಿಟ್ಟು ಮತ್ತೆ ಮತ್ತೆ ಕೇಳಿದರು, ಇನ್ನೊಬ್ಬ ಡಾಕ್ಟರೂ ಬಂದು ಕೇಳಿದರು. ಪ್ರತಿ ಸಲವೂ ಮೇಲೆ ನೋಡಿದ. ಮೊದಲು ನಿದ್ದೆಗೆ ಔಷಧ, ಉಸಿರು ಕಟ್ಟಿದ್ದು ತಿಳಿಯುವುದಿಲ್ಲ, ಆಮೇಲೆ ಯಂತ್ರ ತೆಗೆಯುವುದು ಎಂದು ವಿವರಿಸಿ ಒಂದು ಬೆಳಗ್ಗೆ ಗೊತ್ತುಮಾಡಿದರು.

ಆ ಬೆಳಗ್ಗೆ ಔಷಧ ಸಿದ್ಧವಾಗುತ್ತಿದ್ದಾಗ ಹೆಂಡತಿ ಒಂದು ಪಕ್ಕದಿಂದ, ಅಕ್ಕ ಇನ್ನೊಂದು ಪಕ್ಕದಿಂದ ಬಾಗಿದರು.

"ಇನ್ನೊಂದೇ ಒಂದು ದಿನ ಇರ್ತೀರಾ?" ಎಂದಳು ಹೆಂಡತಿ.

ಅದೇ ಗಳಿಗೆಯಲ್ಲಿ ಅಕ್ಕ, "ಹೊರಡ್ತೀಯೇನೋ ಪುಟ್ಟಾ?" ಎಂದಳು.

ಅವನು ಮೇಲೆ ನೋಡಿದ.

ಇಬ್ಬರೂ ಪರಸ್ಪರ ಮುಖ ನೋಡಿದರು. ಡಾಕ್ಟರಮ್ಮ ಅವರನ್ನು ಹಿಂದೆ ಸರಿಸಿ, ತಾವೇ ಬಿಡಿಸಿ ಕೇಳಿದರು. ರೆಪ್ಪೆ ಅರ್ಧ ಇಳಿಯಿತು, ನಡುಗಿತು, ಅಲ್ಲೇ ನಿಂತಿತು. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಅವರು ಕಾದರು, ಇನ್ನೊಮ್ಮೆ ಕೇಳಿದರು. ಕಡೆಗೆ, "ಸ್ಪಷ್ಟ ಇಲ್ಲದೆ ನಾನು ಮುಂದುವರಿಯಲ್ಲ," ಎಂದು ಔಷಧವನ್ನು ಪೆಟ್ಟಿಗೆಗೆ ಹಾಕಿಕೊಂಡು ಹೋದರು.

ಆ ಮಧ್ಯಾಹ್ನ ಮನೆಗೆ ಬರುತ್ತಿದ್ದ ನರ್ಸು ಅವನ ಮೈ ಒರೆಸಲೆಂದು ನಾಡಿ ತೋರಿಸುವ ಬೆರಳಿನ ಕ್ಲಿಪ್ಪು ತೆಗೆದಿಟ್ಟಿದ್ದಳು. ಒರೆಸಿ ಮುಗಿದ ಮೇಲೆ ಹೆಂಡತಿ ಪಕ್ಕದಲ್ಲಿ ಕೂತು ಪೇಪರು ಓದಿ ಹೇಳುತ್ತಿದ್ದಳು, ಅಕ್ಕ ಅವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಅವನ ಎದೆ ಏರಿ ಇಳಿಯುತ್ತಲೇ ಇತ್ತು. ನರ್ಸು ಕ್ಲಿಪ್ಪು ಹಾಕಲು ಕೈ ಹಿಡಿದವಳು ನಾಡಿ ಮುಟ್ಟಿ ನೋಡಿದಳು, ಕತ್ತಿನಲ್ಲಿ ಮುಟ್ಟಿದಳು. ಹೃದಯ ತಾನಾಗಿಯೇ ನಿಂತಿತ್ತು. ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಹೋದವನನ್ನು ಯಂತ್ರ ಉಸಿರಾಡಿಸುತ್ತಿತ್ತು, ಹೆಂಡತಿ ಹವಾಮಾನ ಓದುತ್ತಿದ್ದಳು.

ತಿಂಗಳುಗಳ ನಂತರ ಇಬ್ಬರೂ ಅವನ ಬಟ್ಟೆ ವಿಂಗಡಿಸಲು ಕೂತಾಗ ಆ ಮಾತು ಬಂತು.

"ಅವತ್ತು ಅವ್ರು ನಿಮಗೇ ಉತ್ತರ ಕೊಟ್ಟಿದ್ದು ಇರ್ಬೇಕು ಅಕ್ಕಾ," ಎಂದಳು ಹೆಂಡತಿ. "ಹೊರಡೋದಕ್ಕೇ ಹೌದು ಅಂದಿದ್ರು. ನಾನೇ ಅಡ್ಡ ಬಂದೆ."

"ಇಲ್ಲ ಕಣೇ, ನಿನಗೇ ಹೇಳಿದ್ದು. ಒಂದು ದಿನ ಇರ್ತೀನಿ ಅಂತ."

"ನಿಜವಾಗ್ಲೂ ಹಾಗನ್ಸತ್ತಾ?"

ಅಕ್ಕ ಅಂಗಿಯೊಂದನ್ನು ಮಡಿಲಿಗೆ ಎಳೆದುಕೊಂಡಳು. "ಇವತ್ತು ಬೆಳಗ್ಗೆ ಹಾಗನ್ಸಿತ್ತು," ಎಂದಳು. "ಈಗ ಗೊತ್ತಾಗ್ತಿಲ್ಲ." ತಮ್ಮನ ಹೆಂಡತಿ ಹತ್ತಿರ ಸರಿದು ಕೂತಳು. ಅವನ ಈಜಿನ ಚಡ್ಡಿಗಳನ್ನು ಯಾರಿಗೆ ಕೊಡುವುದು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಅವನ್ನು ಹಾಗೇ ಮಡಚಿ ಇಟ್ಟರು.